ದ್ವೀಪಕ್ಕೆ ಇಳಿಯದೆ ಬಂದ ಪುಟ್ಟಮಾದಮ್ಮ

ತೆರಕಣಾಂಬಿಯಲ್ಲಿ ಪುಟ್ಟಮಾದಮ್ಮನ ಹೊಲಕ್ಕೂ ಈರಮ್ಮನ ಹೊಲಕ್ಕೂ ನಡುವೆ ಇರುವುದು ಒಂದೇ ಬದು. ಇಬ್ಬರೂ ಗಂಡನನ್ನು ಕಳೆದುಕೊಂಡವರು, ಇಬ್ಬರದೂ ಅರಿಶಿನ ಹಾಕುವ ತುಂಡು ಭೂಮಿ. ಗಂಡಂದಿರು ಇದ್ದ ಕಾಲದಿಂದಲೂ ಅವರದು ಮುಯ್ಯಿ ಕೆಲಸ. ಇವತ್ತು ಇವಳು ಅವಳ ಹೊಲದಲ್ಲಿ ಬಗ್ಗಿದರೆ ನಾಳೆ ಅವಳು ಇವಳ ಹೊಲದಲ್ಲಿ ಬಗ್ಗಬೇಕು. ಕೂಲಿ ಕೊಡುವುದಿಲ್ಲ, ಬರೆದಿಡುವುದಿಲ್ಲ. ಮುಯ್ಯಿಗೆ ಬಂದವಳು ನೆಲದಲ್ಲಿ ಗೆಡ್ಡೆ ಬಿಟ್ಟಳೇನೋ ಎಂದು ಅವಳ ಹಿಂದೆಯೇ ಹೋಗಿ ಕೆದಕಿ ನೋಡುವುದು ಅವಳ ಮುಖಕ್ಕೆ ಉಗಿದಂತೆ. ಪುಟ್ಟಮಾದಮ್ಮ ಒಂದು ದಿನವೂ ಹಾಗೆ ಕೆದಕಿ ನೋಡಿದವಳಲ್ಲ.

ಪುಟ್ಟಮಾದಮ್ಮನಿಗೆ ಒಬ್ಬನೇ ತಮ್ಮ, ನಿಂಗರಾಜು. ಗಾರೆ ಕೆಲಸದವನು. ಗುಂಡ್ಲುಪೇಟೆಯಲ್ಲಿ ಒಬ್ಬ ಮಲಯಾಳಿ ಕಂಟ್ರಾಕ್ಟರನ ಹಿಂದೆ ಬಿದ್ದು ಕೇರಳಕ್ಕೆ ಹೋದವನು ಅಲ್ಲಿಂದಲೂ ಆಚೆ, ಲಕ್ಷದ್ವೀಪದ ಒಂದು ದ್ವೀಪದಲ್ಲಿ ಕಟ್ಟಡದ ಕೆಲಸಕ್ಕೆ ನಿಂತುಬಿಟ್ಟ. ಪುಟ್ಟಮಾದಮ್ಮನ ಗಂಡ ಚೆಲುವಯ್ಯ ತೀರಿಕೊಂಡಾಗ ಅವನಿಗೆ ಸುದ್ದಿ ಮುಟ್ಟಿ, ಹಡಗು ಸಿಕ್ಕಿ, ಊರಿಗೆ ಬರುವ ಹೊತ್ತಿಗೆ ಮಣ್ಣು ಮಾಡಿ ವಾರವಾಗಿತ್ತು. ಹೆಗಲು ಕೊಡಬೇಕಾದ ತಮ್ಮ ನೆಂಟನ ಹಾಗೆ ಬಂದ ಎಂದು ಅಕ್ಕನಿಗೆ ಸಂಕಟ. ಅವನು ಬಾಗಿಲಲ್ಲಿ ನಿಂತು ಕರೆದರೂ ಅವಳು ಒಳಗಿನಿಂದ ಎದ್ದು ಬರಲಿಲ್ಲ. ತಂದಿದ್ದ ತವರಿನ ಸೀರೆಯನ್ನು ಜಗಲಿಯ ಮೇಲಿಟ್ಟು ಅವನು ಹೋದ. ಆಮೇಲೆ ಊರಿನ ಕಡೆ ತಲೆಹಾಕಿಯೂ ಮಲಗಲಿಲ್ಲ.

ವರ್ಷಗಳಾದವು. ಹೋದ ದೀಪಾವಳಿಯಲ್ಲಿ ಪುಟ್ಟಮಾದಮ್ಮನ ಸೊಸೆ ಮಾನಸ ಯಾರ್ಯಾರನ್ನೋ ಕೇಳಿ ನಿಂಗರಾಜುವಿನ ನಂಬರು ಹುಡುಕಿದಳು. ಅಕ್ಕ ತಮ್ಮ ಮಾತಾಡಿದರು. ಅವನಿಗೆ ಎದೆಯ ಕಾಯಿಲೆ ಹಿಡಿದಿತ್ತು. ಏಣಿ ಹತ್ತುವುದನ್ನು ಡಾಕ್ಟರು ಬಿಡಿಸಿದ್ದರು, ದೂರದ ಪ್ರಯಾಣವೂ ಬೇಡವೆಂದಿದ್ದರು. ಅವನು ಬರುವ ಹಾಗಿರಲಿಲ್ಲ. ಹಾಗಾದರೆ ನಾನೇ ಬರುತ್ತೇನೆ ಅಂದಳು ಅಕ್ಕ.

ಆದರೆ ದ್ವೀಪಕ್ಕೆ ಹೋಗುವುದು ನಂಜನಗೂಡಿಗೆ ಹೋದಂತಲ್ಲ, ಪರ್ಮಿಟ್ಟು ಬೇಕು. ಅದಕ್ಕೆ ದಾರಿ ತೋರಿಸಿದವನು ಈರಮ್ಮನ ಅಳಿಯ ಕುಮಾರಸ್ವಾಮಿ. ಅವನದು ಚಾಮರಾಜನಗರದ ಬಸ್‌ ಸ್ಟ್ಯಾಂಡಿನ ಹಿಂದೆ ಟೂರಿನ ಆಫೀಸು. ಅರಿಶಿನ ಮಂಡಿಯವರನ್ನೂ ರಿಟೈರಾದ ಮೇಷ್ಟ್ರುಗಳನ್ನೂ ಸೇರಿಸಿ ಕೊಚ್ಚಿಯವರೆಗೆ ಬಸ್ಸು, ಅಲ್ಲಿಂದ ಹಡಗು ಎಂದು ಒಂದು ಟೂರು ಹಾಕಿದ್ದ. ಹಡಗು ಅದೇ ದ್ವೀಪದ ಮುಂದೆ ಒಂದು ಹಗಲು ನಿಲ್ಲುತ್ತದೆ, ದಡದ ಹತ್ತಿರ ಆಳ ಸಾಲದು, ಇಳಿಯುವವರನ್ನು ಸಣ್ಣ ಬೋಟಿನಲ್ಲಿ ಕರೆದುಕೊಂಡು ಹೋಗಿ ಸಂಜೆ ವಾಪಸ್‌ ತರುತ್ತಾರೆ, ಆ ಇಳಿಯುವ ಟಿಕೀಟು ಬೇರೆ ಎಂದು ವಿವರಿಸಿದ. ಪುಟ್ಟಮಾದಮ್ಮ ಎರಡು ಆಡು ಮಾರಿ ಎರಡೂ ಟಿಕೀಟು ತೆಗೆಸಿದಳು. ಒಬ್ಬಳೇ ಹೇಗೆ ಹೋಗುತ್ತೀಯ ಎಂದು ಈರಮ್ಮ ಜೊತೆಗೆ ಹೊರಟಳು. ಇಬ್ಬರದೂ ಅಳಿಯನ ನಂಬರಿನಲ್ಲೇ ಬುಕ್ಕಾಯಿತು. ನಿಮ್ಮ ಕಾಗದವನ್ನು ನನ್ನ ಫೋನಿಗೇ ತರಿಸಿಕೊಳ್ಳಿ ಅತ್ತೆ ಎಂದು ಮಾನಸ ಅಂದಿದ್ದಕ್ಕೆ, ಈರಿಯ ಅಳಿಯನ ಹಿಂದೆ ಹೋಗಿ ಕೆದಕಿ ನೋಡಲೇ ಎಂದು ಪುಟ್ಟಮಾದಮ್ಮ ಸೊಸೆಯನ್ನೇ ಗದರಿದಳು.

ಹೊರಡುವ ಹಿಂದಿನ ದಿನ ರಾಗಿ ಹುರಿದು ಬೀಸಿ ಹುರಿಟ್ಟು ಮಾಡಿದಳು. ನಿಂಗರಾಜು ಹುಡುಗನಾಗಿದ್ದಾಗ ಅದಕ್ಕೆ ಬೆಲ್ಲ ಕಲಸಿ ಉಂಡೆ ಕಟ್ಟಿ ಕೊಟ್ಟರೆ ಊಟವನ್ನೇ ಬಿಡುತ್ತಿದ್ದ. ಜೊತೆಗೆ ಹುರುಳಿಕಾಳು, ಒಣಗಿಸಿದ ಅವರೆ. ಬೋಟು ಬಂದು ನಿಲ್ಲುವ ಜೆಟ್ಟಿಯ ಹತ್ತಿರ ಬೆಳಿಗ್ಗೆಯಿಂದಲೇ ನಿಂತಿರುತ್ತೇನೆ ಎಂದು ತಮ್ಮ ಫೋನಿನಲ್ಲಿ ಹೇಳಿದ್ದ. ಬೋಟಿಗೆ ಇಳಿಯುವಾಗ ಜಾರದಿರಲೆಂದು ಎಲ್ಲರೂ ರಬ್ಬರಿನ ಚಪ್ಪಲಿ ತನ್ನಿ ಎಂದು ಟೂರಿನವರು ಹೇಳಿದ್ದರು. ಪುಟ್ಟಮಾದಮ್ಮ ಗುಂಡ್ಲುಪೇಟೆಗೆ ಹೋಗಿ ಕೊಂಡು ತಂದಳು. ಈರಮ್ಮ ಕೊಳ್ಳಲಿಲ್ಲ. ನಾನು ಬರಿಗಾಲಲ್ಲೇ ಸಲೀಸು ಅಂದಳು. ಅವಳು ಯಾವಾಗಲೂ ಹಾಗೆಯೇ, ಪುಟ್ಟಮಾದಮ್ಮ ನಕ್ಕು ಸುಮ್ಮನಾದಳು.

ಹಡಗು ದ್ವೀಪದ ಮುಂದೆ ನಿಂತ ಬೆಳಿಗ್ಗೆ ಪುಟ್ಟಮಾದಮ್ಮ ತಲೆ ಬಾಚಿ, ತಮ್ಮ ಅವತ್ತು ಜಗಲಿಯ ಮೇಲಿಟ್ಟು ಹೋಗಿದ್ದ ಸೀರೆಯನ್ನೇ ಉಟ್ಟು, ಚೀಲ ಹಿಡಿದು ಸಿದ್ಧವಾದಳು. ಈರಮ್ಮ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಷ್ಟರಲ್ಲಿ ಕುಮಾರಸ್ವಾಮಿ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

“ದೊಡ್ಡತ್ತೆ, ಒಂದು ಎಡವಟ್ಟಾಗೋಯ್ತು. ಇಳಿಯೋದನ್ನ ಕಂಪ್ನಿಯೋರೇ ಕ್ಯಾನ್ಸಲ್‌ ಮಾಡ್ಬುಟ್ಟವ್ರೆ. ಅಲೆ ಜಾಸ್ತಿಯಂತೆ. ದುಡ್ಡು ಎಲ್ಲೂ ಓಗಲ್ಲ, ಪೂರ್ತಿ ವಾಪಸ್‌ ಬತ್ತದೆ.”

ಪುಟ್ಟಮಾದಮ್ಮ ಚೀಲವನ್ನು ಕೆಳಗಿಡಲಿಲ್ಲ. ಅಷ್ಟು ದೂರದಿಂದ ಬಂದು ಅಲೆಯ ಮುಂದೆ ವಾದ ಮಾಡುವುದುಂಟೇ? ದಡವನ್ನಾದರೂ ನೋಡೋಣವೆಂದು ಮೇಲಿನ ಅಂತಸ್ತಿಗೆ ಹತ್ತಿದಳು. ಸಮುದ್ರ ಮಲಗಿದ ಕೆರೆಯ ಹಾಗಿತ್ತು. ಆಚೆ ತೆಂಗಿನ ಮರಗಳು, ಅವುಗಳ ಕೆಳಗೆ ಬಿಳಿ ಮರಳಿನ ಗೆರೆ. ಹಡಗಿನ ಮಗ್ಗುಲಿಗೆ ಬೋಟು ಬಂದು ತಾಗಿತು. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಜನ ಒಬ್ಬೊಬ್ಬರಾಗಿ ಇಳಿದರು. ಅವರಲ್ಲಿ ಅವಳದೇ ಬಸ್ಸಿನಲ್ಲಿ ಬಂದ ಚಾಮರಾಜನಗರದ ಮಹದೇವಪ್ಪ ಇದ್ದರು, ಅವರ ಹೆಂಡತಿ ಇದ್ದರು. ಬೋಟು ಹೋಯಿತು. ಇನ್ನೊಂದು ಬಂತು.

ಕೆಳಗೆ ಟಿಕೀಟು ನೋಡುವ ಮೇಜಿನಲ್ಲಿ ಒಬ್ಬ ಮಲಯಾಳಿ ಹುಡುಗಿ ಕುಳಿತಿದ್ದಳು. ಓಣಂ ಹತ್ತಿರ ಬಂದಾಗ ಚೆಂಡುಹೂ ಕೊಳ್ಳಲು ಗುಂಡ್ಲುಪೇಟೆಯ ಹೊಲಗಳಿಗೆ ಬರುವ ಕೇರಳದವರ ಜೊತೆ ಚೌಕಾಸಿ ಮಾಡಿ ಮಾಡಿ ಪುಟ್ಟಮಾದಮ್ಮನಿಗೆ ಅವರ ಮಾತು ಬಾಯಿಗೆ ಬರುತ್ತಿತ್ತು. ತನ್ನ ಹೆಸರು, ಊರು ಹೇಳಿದಳು. ಹುಡುಗಿ ಕಂಪ್ಯೂಟರಿನಲ್ಲಿ ನೋಡಿದಳು. ಅಲೆಯ ಮಾತೇ ಇರಲಿಲ್ಲ. ಪುಟ್ಟಮಾದಮ್ಮ, ಈರಮ್ಮ ಎಂಬ ಹೆಸರಿನ ಎರಡೂ ಇಳಿಯುವ ಟಿಕೀಟನ್ನು ಹಡಗು ಹತ್ತುವ ಮೊದಲೇ, ಅದನ್ನು ತೆಗೆಸಿದ ನಂಬರಿನಿಂದಲೇ, ಬೇಡವೆಂದು ಹಿಂತಿರುಗಿಸಲಾಗಿತ್ತು. ಹೊರಡುವ ಎರಡು ದಿನ ಮುಂಚೆ ಹೇಳಿದವರಿಗೆ ಪೂರ್ತಿ ಹಣ ಕೊಡುವುದು ಕಂಪನಿಯ ನಿಯಮ, ಅದನ್ನು ಆಗಲೇ ಆ ನಂಬರಿನವರಿಗೆ ಕೊಟ್ಟೂ ಆಗಿದೆ ಎಂದಳು.

ಹಾಗಾದರೆ ಈಗ ಹೊಸದಾಗಿ ಕೊಡು ತಾಯಿ ಎಂದು ಪುಟ್ಟಮಾದಮ್ಮ ಸೆರಗಿನ ಗಂಟಿಗೆ ಕೈ ಹಾಕಿದಳು. ಹುಡುಗಿ ಎದ್ದು ನಿಂತು ನಿಧಾನವಾಗಿ ತಿಳಿಸಿದಳು. ಇಳಿಯುವವರ ಹೆಸರು ಮೊದಲೇ ದ್ವೀಪದ ಪೊಲೀಸರಿಗೆ ಹೋಗಿರುತ್ತದೆ. ಅದರಲ್ಲಿ ಇಲ್ಲದವರನ್ನು ಬೋಟಿಗೆ ಹತ್ತಿಸಿದರೆ ಅವಳ ಕೆಲಸ ಹೋಗುತ್ತದೆ. ಬೇರೆಯವರ ಗಂಟನ್ನು ಒಯ್ಯಲೂ ಬೋಟಿನವರು ಒಪ್ಪುವುದಿಲ್ಲ. ತಮ್ಮನಿಗೆ ಫೋನಾದರೂ ಮಾಡೋಣವೆಂದರೆ ನಂಬರು ಇದ್ದದ್ದು ಊರಿನಲ್ಲಿ, ಮಾನಸಳ ಫೋನಿನಲ್ಲಿ; ಸೊಸೆಯ ನಂಬರೂ ಅವಳಿಗೆ ಬಾಯಿಗೆ ಬರುತ್ತಿರಲಿಲ್ಲ.

ಪುಟ್ಟಮಾದಮ್ಮ ಕೋಣೆಗೆ ಬಂದಳು. ಈರಮ್ಮ ಎದ್ದು ಕುಳಿತಿದ್ದಳು. ಚಪ್ಪಲಿ ಕೊಳ್ಳದೆ ಬಂದ ಅವಳ ಬರಿಗಾಲನ್ನು ನೋಡುತ್ತಿದ್ದಂತೆಯೇ ಪುಟ್ಟಮಾದಮ್ಮನಿಗೆ ತಿಳಿದುಹೋಯಿತು. ಆದರೂ ಬಾಯಿಬಿಟ್ಟು ಕೇಳಿದಳು.

“ನಿಂಗೆ ಗೊತ್ತಿತ್ತೇನಮ್ಮಿ?”

ಈರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. “ಆ ಮಹದೇವಪ್ಪ ಕೊನೇ ಗಳಿಗೇಲಿ ಬಂದ್ರಂತೆ ಕಣಕ್ಕ. ಬೋಟಲ್ಲಿ ಜಾಗ ಇರ್ನಿಲ್ಲ. ದೊಡ್ಡ ಪಾರ್ಟಿ, ಬುಡಕಾಗಲ್ಲ ಅಂದ ನಮ್ಮಳಿಯ. ಮುದುಕೀರು ಬೋಟಿಗೆ ಇಳ್ಯೋದುಂಟಾ, ಹಡಗಿಂದ್ಲೇ ನೋಡ್ಕತರೆ ಅಂದ.”

“ನಿಂಗರಾಜು ಜೆಟ್ಟೀಲಿ ನಿಂತ್ಕಂಡು ಕಾಯ್ತನೆ ಅನ್ನೋದು ಅವನ್ಗೆ ಗೊತ್ತಿರ್ನಿಲ್ಲ. ನಿಂಗೆ ಗೊತ್ತಿತ್ತು.”

“ಏಳಿದ್ರೆ ನೀನು ರಂಪ ಮಾಡ್ತಿದ್ದೆ. ಅವ್ನು ಆ ಸಿಟ್ನ ಮೀನಾ ಮೇಲೆ ತೀರಿಸ್ಕತನೆ. ಮಗಳ ಬಾಳು ಕಣಕ್ಕ.”

ಕೊಚ್ಚಿಯಿಂದ ಬರುವಾಗ ಬಸ್ಸಿನಲ್ಲಿ ಪುಟ್ಟಮಾದಮ್ಮ ಈರಮ್ಮನ ಪಕ್ಕ ಕೂರಲಿಲ್ಲ. ಮಹದೇವಪ್ಪನವರ ಹೆಂಡತಿಯ ಪಕ್ಕ ಜಾಗವಿತ್ತು, ಅಲ್ಲಿ ಕುಳಿತಳು. ಆಯಮ್ಮನಿಗೆ ಏನೂ ತಿಳಿಯದು. ದ್ವೀಪದ ಸೊಗಸನ್ನು ವರ್ಣಿಸುತ್ತಾ ಹೋದರು. ನೀರು ಎಷ್ಟು ತಿಳಿ ಅಂತೀರ, ಅಲ್ಲೂ ನಮ್ಮ ಕಡೆಯವರು ಒಬ್ಬರು ಸಿಕ್ಕಿದರು ಅಂತೀರ.

“ಜೆಟ್ಟಿಯಲ್ಲಿ ಒಬ್ಬರು ಸಣಕಲು ಆಸಾಮಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕ್ಕೊಂಡು ನಿಂತಿದ್ರು. ಇಳಿದೋರನ್ನೆಲ್ಲ ಕನ್ನಡದಲ್ಲಿ, ತೆರಕಣಾಂಬಿಯವರು ಯಾರಾದ್ರೂ ಬಂದಿದ್ದೀರಾ ಅಂತ ಕೇಳೋರು. ಇಲ್ಲಪ್ಪ, ನಾವು ಚಾಮರಾಜನಗರದವರು ಅಂದೆ. ಸಂಜೆ ವಾಪಸ್‌ ಬೋಟು ಹತ್ತುವಾಗಲೂ ಅಲ್ಲೇ ನಿಂತಿದ್ರು, ಪಾಪ.”

ಪುಟ್ಟಮಾದಮ್ಮ ಕಿಟಕಿಯ ಕಡೆ ತಿರುಗಿದಳು. ಬಂಡೀಪುರದ ಕಾಡು ಕಳೆದು ಗುಂಡ್ಲುಪೇಟೆ ಬರುವವರೆಗೂ ತಿರುಗಿದ ಮುಖ ತಿರುಗಿದಂತೆಯೇ ಇತ್ತು.

ಮನೆಗೆ ಬಂದವಳೇ ಸೊಸೆಯ ಕೈಯಲ್ಲಿ ಫೋನು ಮಾಡಿಸಿದಳು. ನಿಂಗರಾಜು ಎತ್ತಲಿಲ್ಲ. ಸಂಜೆಗೂ ಎತ್ತಲಿಲ್ಲ, ಮರುದಿನವೂ ಇಲ್ಲ. ಅವನ ಮನಸ್ಸಿನಲ್ಲಿ ಏನು ನಡೆದಿದೆ ಎಂದು ಅಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕುಮಾರಸ್ವಾಮಿ ಟಿಕೀಟಿನ ಹಣವನ್ನು ಲಕೋಟೆಯಲ್ಲಿ ಹಾಕಿಕೊಂಡು ಬಂದ. ಮೇಲೆ ಒಂದಿಷ್ಟು ಸೇರಿಸಿದ್ದ. ಪುಟ್ಟಮಾದಮ್ಮ ತನ್ನದಷ್ಟನ್ನು ತೆಗೆದುಕೊಂಡು ಮಿಕ್ಕಿದ್ದನ್ನು ಅವನ ಕೈಗೆ ವಾಪಸ್‌ ಇಟ್ಟಳು. ಟಿಕೀಟಿನ ಲೆಕ್ಕ ತೀರಿತು ಅಂದಳು. ಅವನಿಗೆ ಹಗುರವಾಯಿತು. ಬರುವ ವರ್ಷ ಸೀದಾ ದಡದ ಮೇಲೇ ಇಳಿಸ್ತೀನಿ ದೊಡ್ಡತ್ತೆ, ಬೇಕಾದರೆ ಹೊತ್ತುಕೊಂಡೇ ಹೋಗ್ತೀನಿ ಎಂದು ತಮಾಷೆಯನ್ನೂ ಮಾಡಿದ. ಅವಳು ನಗಲಿಲ್ಲ. ಬರುವ ವರ್ಷದವರೆಗೆ ತಮ್ಮನ ಎದೆ ತಡೆಯುತ್ತದೆಂದು ಬರೆದುಕೊಟ್ಟವರು ಯಾರು?

ಅರಿಶಿನ ಕೀಳುವ ಕೆಲಸ ಊರಿನಲ್ಲಿ ಶುರುವಾಗಿತ್ತು. ಹಡಗಿಗೆ ಹೋಗುವ ಮೊದಲೇ ಈರಮ್ಮ ಒಂದು ದಿನ ಇವಳ ಹೊಲದಲ್ಲಿ ಬಗ್ಗಿ ಹೋಗಿದ್ದಳು. ಆ ಮುಯ್ಯಿ ತೀರಬೇಕಲ್ಲ. ಬರುತ್ತಾಳೋ ಇಲ್ಲವೋ ಎಂದು ಈರಮ್ಮ ಕಾದಿದ್ದಾಗ ಪುಟ್ಟಮಾದಮ್ಮ ಹೊತ್ತಿಗೆ ಸರಿಯಾಗಿ ಬದುವಿನ ಮೇಲೆ ನಿಂತಳು. ಇಬ್ಬರೂ ಮಾತಿಲ್ಲದೆ ಗೆಡ್ಡೆ ಕಿತ್ತು ಮಣ್ಣು ಕೊಡವಿದರು. ಮೂಟೆ ಸಾಗಿಸಲು ಅಳಿಯನೂ ಬಂದಿದ್ದ, ಹೊಂಗೆ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕುಳಿತಿದ್ದ.

ಬಿಸಿಲೇರಿದಾಗ ಪುಟ್ಟಮಾದಮ್ಮ ಬೆನ್ನು ನೆಟ್ಟಗೆ ಮಾಡಿ ತನಗೆ ಬೇಕಾದದ್ದನ್ನು ಕೇಳಿದಳು. ನಮ್ಮ ನಂಬರು ನೋಡಿದರೆ ನಿಂಗರಾಜು ಎತ್ತುವುದಿಲ್ಲ, ನಿನ್ನ ಫೋನಿನಿಂದ ಮಾಡು. ನಡೆದದ್ದನ್ನು ನಡೆದ ಹಾಗೆ ನಿನ್ನ ಬಾಯಲ್ಲಿ ಹೇಳು. ಬೇರೆ ಏನೂ ಬೇಡ. ಈರಮ್ಮ ಕಣ್ಣು ತುಂಬಿಕೊಂಡು ಅಷ್ಟೇ ತಾನೇ ಅಕ್ಕ ಅಂದಳು. ಕೈಯ ಮಣ್ಣನ್ನು ಒರೆಸಿ, ಪುಟ್ಟಮಾದಮ್ಮನ ಮಡಿಲಲ್ಲಿದ್ದ ಚೀಟಿ ನೋಡಿ ನಂಬರು ಒತ್ತಿದಳು. ಇಬ್ಬರಿಗೂ ಕೇಳುವಂತೆ ಸ್ಪೀಕರು ಹಾಕಿದಳು. ಆಚೆಯಿಂದ ಹಲೋ ಎಂದಿತು ಧ್ವನಿ. ಈರಮ್ಮ ತಾನು ಯಾರೆಂದು ಹೇಳಿದಳು. ಹೇಳಿ, ತಲೆ ಎತ್ತಿ ಹೊಂಗೆ ಮರದ ಕಡೆ ನೋಡಿದಳು. ಅಳಿಯ ಎದ್ದು ನಿಂತು ಇತ್ತಲೇ ಕಿವಿಗೊಟ್ಟಿದ್ದ.

“ಅವತ್ತು ಅಲೆ ಜಾಸ್ತಿ ಇತ್ತಂತೆ ಕಣಣ್ಣ,” ಅಂದಳು ಈರಮ್ಮ. “ಕಂಪ್ನಿಯೋರೇ ಬೋಟು ನಿಲ್ಲಿಸ್ಬುಟ್ರು. ಇಲ್ದೆ ಓಗಿದ್ರೆ ನಿಮ್ಮಕ್ಕ ಬರೋಳೇ.”

ನಿಂಗರಾಜು ಮಾತಾಡಿದ. ಸಿಟ್ಟಿರಲಿಲ್ಲ, ದಣಿದ ಧ್ವನಿ.

“ಬೋಟು ಬಂದೋ ಕಣಮ್ಮ, ಒತ್ತಾರೆಯಿಂದ ಬತ್ತಾನೇ ಇದ್ದೋ. ಇಳ್ದೋರ್ನೆಲ್ಲ ಒಬ್ಬೊಬ್ರನ್ನೇ ಕೇಳ್ದೆ ನಾನು. ಇಂಗೆ ಏಳು ಅಂತ ನಮ್ಮಕ್ಕ ನಿನ್ನ ಕೂರಿಸ್ಕಂಡವ್ಳಾ? ಅವತ್ತು ಬಾಗ್ಲಿಂದ ಈಚೆಗ್‌ ಬರ್ನಿಲ್ಲ, ಈಗ ಹಡಗಿಂದ ಈಚೆಗ್‌ ಬರ್ನಿಲ್ಲ. ಬುಡು, ಅವಳ ಇಷ್ಟ.”

ಪುಟ್ಟಮಾದಮ್ಮ ಫೋನಿಗೆ ಕೈ ಚಾಚಿದಳು. ಅಷ್ಟರಲ್ಲಿ ಅವನು ಕಟ್‌ ಮಾಡಿದ್ದ. ಮತ್ತೆ ಒತ್ತಿದರೆ ಎತ್ತಲಿಲ್ಲ.

ಈರಮ್ಮ ಮುಖ ಮುಚ್ಚಿಕೊಂಡು ಅತ್ತಳು. ಅಳಿಯ ನಿಂತಿದ್ದನಲ್ಲಕ್ಕ, ಅವನ ಮುಂದೆ ಹೇಗೆ ಹೇಳಲಿ ಅಂದಳು. ಪುಟ್ಟಮಾದಮ್ಮ ಅವಳನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

“ಹಡಗಲ್ಲಿ ನೀನು ಸುಮ್ಕಿದ್ದೆ. ಅದನ್ನಾದ್ರೂ ಎಂಗೋ ನುಂಗ್ಕಬೋದಿತ್ತು. ಇವತ್ತು ಬಾಯಿ ಬುಟ್ಟು ನನ್ನ ಸುಳ್ಳಿ ಮಾಡ್ದೆ ಕಣಮ್ಮಿ.”

ಸಾಲಿನ ಅರ್ಧ ಇನ್ನೂ ಬಾಕಿಯಿತ್ತು. ಪುಟ್ಟಮಾದಮ್ಮ ಹಾಗೆಯೇ ಗುದ್ದಲಿ ಹೆಗಲಿಗೇರಿಸಿ ಬದು ದಾಟಿದಳು. ಕುಮಾರಸ್ವಾಮಿ ಏನೋ ಹೇಳಲು ಬಂದ. ಅವಳು ನಿಂತ ಗಾಡಿಯನ್ನು ಬಳಸಿ ಹೋದಂತೆ ಅವನನ್ನೂ ಬಳಸಿ ಹೋದಳು.

ಸಂಜೆ ಮಾನಸಳನ್ನು ಕೂರಿಸಿಕೊಂಡು, ಮಾತನ್ನು ಹಿಡಿದು ಕಳಿಸುವುದು ಬರುತ್ತದಂತಲ್ಲ, ಅದನ್ನು ಹಾಕಿಕೊಡು ಅಂದಳು. ಸೊಸೆ ಗುಂಡಿ ಒತ್ತಿ ಹಿಡಿದಳು. ಪುಟ್ಟಮಾದಮ್ಮ ಅಳದೆ, ಆಣೆ ಇಡದೆ, ಟಿಕೀಟು ತೆಗೆಸಿದ್ದರಿಂದ ಹಿಡಿದು ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಹಡಗಿನ ಕೋಣೆಯ ಬಾಗಿಲಲ್ಲಿ ಕುಮಾರಸ್ವಾಮಿ ಏನು ಹೇಳಿದ, ಬೋಟಿನಲ್ಲಿ ಯಾರು ಇಳಿದರು, ಮೇಜಿನ ಹುಡುಗಿ ಯಾವ ಮಾತು ಅಂದಳು. ನೀನು ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದೆಯಂತೆ, ನಾನು ನೀನು ಕೊಟ್ಟ ಸೀರೆ ಉಟ್ಟಿದ್ದೆ ಎಂದೂ ಹೇಳಿದಳು. ನೀನು ಬಾಗಿಲಿಗೆ ಬಂದ ದಿನ ಏಳದೆ ಕೂತದ್ದು ನನ್ನ ತಪ್ಪು, ಇದು ನನ್ನದಲ್ಲ ಎಂದು ಮುಗಿಸಿದಳು.

ಊಟದ ಹೊತ್ತಿಗೆ ಮಾನಸ ಫೋನು ನೋಡಿ, ನಿಂಗರಾಜು ಮಾವ ಕೇಳಿಸಿಕೊಂಡಿದ್ದಾರೆ ಅತ್ತೆ, ವಾಟ್ಸಾಪಿನ ಗುರುತು ನೀಲಿಯಾಗಿದೆ ಅಂದಳು. ನಂಬಿದನೋ ಇಲ್ಲವೋ ಅದೂ ಗೊತ್ತಾಗುತ್ತದೆಯೇ ಎಂದು ಪುಟ್ಟಮಾದಮ್ಮ ಕೇಳಿದಳು. ಅದು ಗೊತ್ತಾಗುವುದಿಲ್ಲ ಎಂದಳು ಸೊಸೆ.