ನಾಲ್ಕು ಜಗಲಿ ದೂರ

ನಮ್ಮ ಊರಿನ ಹೆಸರು ಹೇಳುವುದಿಲ್ಲ. ಹೊಸದುರ್ಗಕ್ಕೂ ಹೊಳಲ್ಕೆರೆಗೂ ನಡುವೆ ಎಲ್ಲೋ ಇದೆ ಎಂದುಕೊಳ್ಳಿ. ಸರ್ವೆ ಕೆಲಸದಲ್ಲಿ ನನಗಿನ್ನೂ ನಾಲ್ಕು ವರ್ಷ ಬಾಕಿ ಇದೆ. ಅದನ್ನು ನೆಮ್ಮದಿಯಾಗಿ ಮುಗಿಸಬೇಕೆಂಬ ಆಸೆಯೂ ಇದೆ.

ಬಸ್ ನಿಲ್ದಾಣದಿಂದ ಕೆರೆ ಏರಿಯವರೆಗೆ ನಮ್ಮದು ಒಂದೇ ಉದ್ದನೆಯ ಬೀದಿ. ಈ ತುದಿಯಲ್ಲಿ ನಮ್ಮ ಮನೆ, ಆ ತುದಿಯಲ್ಲಿ ದೊಡ್ಡಮ್ಮನ ಮನೆ. ದೊಡ್ಡಮ್ಮ ಅಂದರೆ ನಮ್ಮ ಅಮ್ಮನ ಅಕ್ಕ. ಇಬ್ಬರನ್ನೂ ಒಂದೇ ಊರಿಗೆ ಕೊಟ್ಟಿದ್ದರು. ದೊಡ್ಡಮ್ಮ ಒಮ್ಮೆ ಬಚ್ಚಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೆ ಗೋಡೆ ಹಿಡಿದು ಬಾಗಿಲವರೆಗೆ ಬರುವುದೇ ಹೆಚ್ಚು. ಅಮ್ಮನಿಗೆ ಮಂಡಿ ನೋವು. ಆದರೂ ದಿನಾ ಬೆಳಿಗ್ಗೆ ತಿಂಡಿ ಮುಗಿಸಿ, ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಅಕ್ಕನ ಮನೆಗೆ ಹೊರಡುತ್ತಿದ್ದಳು.

ಹೇಗೆ ಹೋಗುತ್ತಿದ್ದಳು ಅಂದರೆ, ಜಗಲಿಯಿಂದ ಜಗಲಿಗೆ. ನಮ್ಮ ಬೀದಿಯ ಹಳೆಯ ಮನೆಗಳಿಗೆಲ್ಲ ಮುಂದೊಂದು ಕಲ್ಲಿನ ಜಗಲಿ, ಅದರ ಮೇಲೆ ಸೂರಿನ ನೆರಳು. ಯಾರು ಬೇಕಾದರೂ ಕೂರಬಹುದು. ಕೂತವರನ್ನು ಯಾಕೆ ಕೂತಿರಿ ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ತುಸು ಹೆಚ್ಚು ಹೊತ್ತು ಕೂತರೆ ಒಳಗಿನಿಂದ ಒಂದು ಚೊಂಬು ನೀರು ಬರುತ್ತದೆ. ಸಂತೆಯ ದಿನ ಯಲ್ಲದಕೆರೆ ಕಡೆಯಿಂದ ಬಂದ ಕುರಿಯವರು ಕಂಬಳಿ ಹಾಸಿ ಅಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಅಮ್ಮ ಲೆಕ್ಕ ಹಾಕುತ್ತಿದ್ದುದೂ ಹಾಗೆಯೇ. ಅಕ್ಕನ ಮನೆ ಎಷ್ಟು ದೂರ ಅಂದರೆ ನಾಲ್ಕು ಜಗಲಿ, ನಾಲ್ಕು ಸಲ ಕೂತು ಎದ್ದರೆ ಬಂತು.

ಹೀಗಿರುವಾಗ ನನ್ನನ್ನು ಚಿತ್ರದುರ್ಗಕ್ಕೆ ಎರಡು ದಿನದ ಕಾರ್ಯಾಗಾರಕ್ಕೆ ಕಳಿಸಿದರು. ಸುಸ್ಥಿರ, ವಾಸಯೋಗ್ಯ ಪಟ್ಟಣಗಳ ಬಗ್ಗೆ. ಹೊರಗೆ ಕೋಟೆಯ ಬಂಡೆಗಳು ಕಾದು ಕೂತಿದ್ದವು, ಒಳಗೆ ಎಸಿಗೆ ನಾವು ಕೈ ಉಜ್ಜಿಕೊಳ್ಳುತ್ತಿದ್ದೆವು. ತಜ್ಞರೊಬ್ಬರು ಪರದೆಯ ಮೇಲೆ ಚಿತ್ರ ತೋರಿಸಿದರು: ಯಾವುದೋ ದೇಶದ ಬೀದಿ, ಅಗಲವಾದ ಪಾದಚಾರಿ ಮಾರ್ಗ, ಅಲ್ಲಲ್ಲಿ ಬೆಂಚು, ಬೆಂಚಿನ ಮೇಲೆ ಇಬ್ಬರು ಮುದುಕಿಯರು ನಗುತ್ತಾ ಕೂತಿದ್ದಾರೆ. ಹಿರಿಯರು ನಡೆದಾಡಲು ಆಗದ ಊರು ಊರೇ ಅಲ್ಲ ಎಂದರು ಅವರು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ನಮ್ಮೂರಲ್ಲೂ ಇಂಥದ್ದು ಆಗಬೇಕು ಎಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಎರಡು ಗೆರೆ ಎಳೆದೆ. ನಮ್ಮೂರಲ್ಲಿ ಅದು ಆಗಲೇ ಇದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಚಿತ್ರದಲ್ಲಿದ್ದ ಮುದುಕಿಯರು ಟೋಪಿ ಹಾಕಿದ್ದರು, ಅದಕ್ಕೇ ಇರಬೇಕು.

ಬಂದವನೇ ಬೀದಿ ಅಳೆದೆ. ಪಾದಚಾರಿ ಮಾರ್ಗಕ್ಕೆ ಬೇಕಾದ ಅಗಲ ಸಿಗುತ್ತಿರಲಿಲ್ಲ. ಅಡ್ಡ ಬಂದದ್ದು ಜಗಲಿಗಳು. ನಕ್ಷೆಯಲ್ಲಿ ಜಗಲಿ ಎಂಬ ವಸ್ತುವಿಗೆ ಹೆಸರೇ ಇಲ್ಲ, ಒತ್ತುವರಿ ಎಂಬುದಕ್ಕೆ ಮಾತ್ರ ಇದೆ. ಹಾಗಾಗಿ ನಡೆಯುವವರಿಗೆ ಅನುಕೂಲವಾಗಲಿ ಎಂದು, ನಡೆಯುವವರು ಕೂರುತ್ತಿದ್ದ ಜಾಗಗಳನ್ನೆಲ್ಲ ಒತ್ತುವರಿ ಪಟ್ಟಿಗೆ ಸೇರಿಸಿದೆ. ಪಕ್ಷಪಾತ ಮಾಡಿದ ಅಂತ ಯಾರೂ ಅನ್ನಬಾರದು ನೋಡಿ, ಮೊದಲ ಕೆಂಪು ಗುರುತು ನಮ್ಮ ಮನೆಯ ಜಗಲಿಗೇ ಹಾಕಿದೆ. ಮೇಲಿನವರು ಬೆನ್ನು ತಟ್ಟಿದರು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಎದುಕ್ಕಪ್ಪ ಕಲ್ಲಿಗೆ ಕುಂಕುಮ ಇಡ್ತೀಯ?" ಎಂದಳು.

"ನಿಮ್ಮಂಥೋರು ಆರಾಮಾಗಿ ಓಡಾಡ್ಲಿ ಅಂತ ಕಣಮ್ಮ" ಎಂದೆ.

ಆ ಜಗಲಿಯ ಚಪ್ಪಡಿಯ ಮೇಲೆ ಚೌಕಾಬಾರದ ಮನೆ ಕೊರೆದಿತ್ತು. ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಅಕ್ಕತಂಗಿಯರಿಬ್ಬರೂ ಸೇರಿ, ದಾರಿಯಲ್ಲಿ ಹೋಗುತ್ತಿದ್ದ ಕಲ್ಲುಕುಟಿಗನನ್ನು ಕರೆದು, ಮಜ್ಜಿಗೆ ಕೊಟ್ಟು ಕೊರೆಸಿಕೊಂಡದ್ದು. ನಮ್ಮಪ್ಪ ಸಿಡುಕಿದನಂತೆ, ಆಮೇಲೆ ತಾನೂ ಆಡಲು ಕೂತನಂತೆ. ಜೆಸಿಬಿ ಬಂದ ದಿನ ಆ ಚಪ್ಪಡಿಯೂ ಉಳಿದವುಗಳ ಜೊತೆ ಟ್ರ್ಯಾಕ್ಟರ್ ಹತ್ತಿತು. ಅಮ್ಮ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು. ನಾನು ರಸೀದಿಗೆ ಸಹಿ ಹಾಕಿದೆ.

ಪಾದಚಾರಿ ಮಾರ್ಗ ಚೆನ್ನಾಗಿಯೇ ಆಯಿತು. ಬೀದಿಗೆ ಆಟೋ ಬಿಡುವುದನ್ನು ನಿಲ್ಲಿಸಿದರು. ಹಿರಿಯರಿಗೆಂದು ಮೂರು ಸ್ಟೀಲ್ ಬೆಂಚು ಬಂದವು. ಅವುಗಳನ್ನು ಎಲ್ಲಿ ಕೂರಿಸಬೇಕೆಂದು ಕಂತ್ರಾಟುದಾರರು ನನ್ನನ್ನೇ ಕೇಳಿದರು. ಫೋಟೋಕ್ಕೆ ಬೆಳಕು ಚೆನ್ನಾಗಿ ಬೀಳುವ ಕಡೆ ತೋರಿಸಿದೆ. ಉದ್ಘಾಟನೆಯ ಮಾರನೆಯ ದಿನ ಅಮ್ಮ ಎಂದಿನಂತೆ ಹೊರಟು ಮೊದಲ ಬೆಂಚಿನ ಮೇಲೆ ಕೂತು, ಕೂತಷ್ಟೇ ಬೇಗ ಎದ್ದಳು.

"ಲೇ, ಇದ್ರ ಮ್ಯಾಲೆ ರೊಟ್ಟಿ ಸುಡಬೌದು ಕಣೋ" ಎಂದಳು. ಅಲ್ಲಿಂದಲೇ ವಾಪಸ್ ಬಂದಳು.

ರೊಟ್ಟಿ ಯಾರೂ ಸುಡಲಿಲ್ಲ. ಆದರೆ ಎದುರು ಮನೆಯವರು ಅದರ ಮೇಲೆ ಸಂಡಿಗೆ ಒಣಗಿಸುತ್ತಾರೆ, ಬಹಳ ಗರಿಯಾಗಿ ಬರುತ್ತದಂತೆ. ಉಳಿದ ಪಾದಚಾರಿ ಮಾರ್ಗದ ಮೇಲೆ ಬೈಕುಗಳು ಸಾಲಾಗಿ ನಿಂತವು.

ಅಮ್ಮ ಹೋಗುವುದು ನಿಂತಿತು. ಫೋನಿನಲ್ಲಿ ಮಾತಾಡು ಎಂದೆ. ದೊಡ್ಡಮ್ಮನಿಗೆ ಕಿವಿ ಮಂದ, ಇಬ್ಬರೂ ಹಲೋ ಹಲೋ ಎಂದು ಕೂಗಿ ಇಟ್ಟುಬಿಟ್ಟರು. ಬೈಕಿನಲ್ಲಿ ಬಿಡುತ್ತೇನೆ ಎಂದೆ. ಮಂಡಿ ಮಡಚಲು ಆಗದವಳು ಬೈಕ್ ಹತ್ತುವುದೆಲ್ಲಿ ಬಂತು. ಮೂರು ತಿಂಗಳಾಯಿತು. ಒಂದು ದಿನ ದೊಡ್ಡಮ್ಮನ ಸೊಸೆ ಕಚೇರಿಗೆ ಬಂದು, "ಅತ್ತೆ ದಿನಾ ಬೆಳಿಗ್ಗೆ ಬಾಗ್ಲಾಗೆ ನಿಂತ್ಕಂಡು ನೋಡ್ತಾರೆ. ಅವ್ಳಿಗೆ ನನ್ ಮ್ಯಾಲೆ ಏನ್ ಸಿಟ್ಟು ಅಂತ ಕೇಳ್ತಾರೆ. ಏನ್ ಹೇಳ್ಲಿ?" ಎಂದಳು. ನನಗೆ ನಾಚಿಕೆಯಾಯಿತು. ಊರಿಗೆ ನಡೆಯುವ ದಾರಿ ಮಾಡಿಕೊಟ್ಟವನು ನನ್ನ ಅಮ್ಮನನ್ನೇ ಮನೆಯಲ್ಲಿ ಕೂರಿಸಿದ್ದೆ.

ಮಾರನೆಯ ಬೆಳಿಗ್ಗೆ ಮನೆಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಕುರ್ಚಿ ಕೈಗೆತ್ತಿಕೊಂಡು, "ಹೋಗಾಣ ನಡಿಯಮ್ಮ" ಎಂದೆ.

ಅಮ್ಮ ನನ್ನನ್ನೂ ಕುರ್ಚಿಯನ್ನೂ ನೋಡಿದಳು. ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅವಳು ಮುಂದೆ, ನಾನು ಹಿಂದೆ. ಅಮ್ಮನ ನಾಲ್ಕು ಜಗಲಿ ಇದ್ದ ಜಾಗ ಬಂದಾಗಲೆಲ್ಲ ಕುರ್ಚಿ ಇಡುತ್ತಿದ್ದೆ, ಅವಳು ಕೂರುತ್ತಿದ್ದಳು. ಎಲ್ಲಿ ಯಾವ ಜಗಲಿ ಇತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಪಟ್ಟಿ ಮಾಡಿದವನು ನಾನೇ ತಾನೆ. ಹೋಟೆಲಿನ ಮುಂದೆ ನಿಂತವನೊಬ್ಬ, "ಏನ್ ಸಾರ್, ಎಲ್ಲಿ ಐತೆ ಸಭೆ?" ಎಂದ. ಎರಡನೇ ನಿಲುಗಡೆಯ ಮನೆಯಾಕೆ ಹೊರಗೆ ಬಂದು, "ಬರ್ರಿ ಅಮ್ಮ, ಒಳಗೆ ಕುಂತ್ಕಳ್ರಿ" ಎಂದಳು. ಅಮ್ಮ, "ಒಳಗ್ ಬಂದ್ರೆ ಬೀದಿ ಕಾಣಲ್ಲ ಕಣವ್ವ" ಎಂದಳು. ಒಂದು ಚೊಂಬು ನೀರು ಬಂತು. ಬಾಯಲ್ಲಿ ನಗು ತಡೆದುಕೊಂಡವರು ಬಹಳ ಮಂದಿ, ತಡೆದುಕೊಳ್ಳದವರೂ ಇದ್ದರು.

ದೊಡ್ಡಮ್ಮನ ಮನೆಯ ಮುಂದೆ ಅಮ್ಮ ತಟ್ಟನೆ ನಿಂತಳು. ಅವಳ ಕಾಲ ಕೆಳಗೆ, ಪಾದಚಾರಿ ಮಾರ್ಗದಡಿಯ ಚರಂಡಿಗೆ ಮುಚ್ಚಿದ್ದ ಚಪ್ಪಡಿ. ಅದರ ಮೇಲೆ ಚೌಕಾಬಾರದ ಮನೆ. ಕಂತ್ರಾಟುದಾರರು ಹೊಸ ಕಲ್ಲು ಯಾಕೆ ತರಿಸಬೇಕೆಂದು ಕಿತ್ತ ಜಗಲಿಗಳನ್ನೇ ಹಾಸಿದ್ದರು. ಇಡೀ ಬೀದಿಯನ್ನು ಅಳೆದ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ.

"ಇಲ್ಲೇ ಇಡು" ಎಂದಳು ಅಮ್ಮ.

ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಗೋಡೆ ಹಿಡಿದು, ಸೊಸೆಯ ಹೆಗಲು ಹಿಡಿದು, ಬಚ್ಚಲಲ್ಲಿ ಬಿದ್ದ ಮೇಲೆ ಮೊದಲ ಸಲ ಹೊಸಿಲು ದಾಟಿದಳು. ಸೊಸೆ ಇನ್ನೊಂದು ಕುರ್ಚಿ ತಂದಳು. ಇಬ್ಬರೂ ಆ ಕಲ್ಲಿನ ಮೇಲೆ ಕಾಲಿಟ್ಟುಕೊಂಡು ಎದುರುಬದುರು ಕೂತರು.

"ಯಾಕೆ ಬರ್ಲಿಲ್ಲೇ ಇಷ್ಟ್ ದಿನ?" ಎಂದಳು ದೊಡ್ಡಮ್ಮ.

"ನಿನ್ ಮನೆ ದೂರ ಆಗ್ಬಿಟ್ಟಿತ್ತಕ್ಕ" ಎಂದಳು ಅಮ್ಮ.

ಆಮೇಲೆ ಅದೇ ರೂಢಿಯಾಯಿತು. ಬೆಳಿಗ್ಗೆ ಕುರ್ಚಿ ಹೊತ್ತು ಬಿಟ್ಟು ಬರುತ್ತೇನೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಕುರ್ಚಿ ಹೊತ್ತು ಕರೆತರುತ್ತೇನೆ. ನೆರಳು ಬೇಕೆಂದು ದೊಡ್ಡಮ್ಮನ ಮಗ ಒಂದು ಹಳೆಯ ಟಾರ್ಪಾಲು ಕಟ್ಟಿದ. ಸಂತೆಯ ದಿನ ಕುರಿಯವನೊಬ್ಬ ಪಕ್ಕದಲ್ಲಿ ಕಂಬಳಿ ಹಾಸಿದ.

ಕಳೆದ ವಾರ ಕಚೇರಿಗೆ ಒಂದು ದೂರು ಬಂತು, ಸಹಿ ಇರಲಿಲ್ಲ. ಬೈಕ್ ನಿಲ್ಲಿಸಲು ಜಾಗ ಸಿಗದವರು ಬರೆದದ್ದಿರಬೇಕು. ಪಾದಚಾರಿ ಮಾರ್ಗದ ಮೇಲೆ ಇಬ್ಬರು ವೃದ್ಧೆಯರು ದಿನವೂ ಕುರ್ಚಿ ಹಾಕಿಕೊಂಡು ಕೂತು ಒತ್ತುವರಿ ಮಾಡಿರುತ್ತಾರೆ, ತೆರವುಗೊಳಿಸಬೇಕಾಗಿ ವಿನಂತಿ. ಸ್ಥಳ ಪರಿಶೀಲಿಸಿ ವರದಿ ನೀಡಿ ಎಂದು ಮೇಲಿನವರು ಬರೆದು ಕಡತವನ್ನು ನನ್ನ ಮೇಜಿಗೇ ಕಳಿಸಿದ್ದರು.

ಜಗಲಿಗಳ ಪಟ್ಟಿ ಬರೆದಿದ್ದ ಅದೇ ಪೆನ್ನು ತೆಗೆದುಕೊಂಡು ಬರೆದೆ: "ಸ್ಥಳ ಪರಿಶೀಲಿಸಲಾಗಿದೆ. ಸದರಿ ವೃದ್ಧೆಯರು ಕೂತಿರುವ ಕಲ್ಲು ಸದರಿಯವರದೇ ಆಗಿರುತ್ತದೆ. ಒತ್ತುವರಿ ಮಾಡಿರುವುದು ನಾವು." ಕೆಳಗೆ ಸಹಿ ಹಾಕಿ ಕಡತ ಮೇಲಕ್ಕೆ ಕಳಿಸಿದೆ. ಅಷ್ಟರಲ್ಲಿ ಊಟದ ಬಿಡುವಾಗಿತ್ತು, ಅಮ್ಮನನ್ನು ಕರೆತರಲು ಹೊರಟೆ.