ಅತ್ತೆ ತಿದ್ದಿದ ತಲೆ, ಡಾಕ್ಟರ್‌ಬಾಯಿ ನೋಡಿದ ಬೆನ್ನು

ಆ ದಿನ ಮಾಡಿದ ಕೆಲಸಗಳು: ನಳ ಬರುವ ಮೊದಲೇ ಎದ್ದು ಕೊಡಗಳನ್ನು ಸಾಲು ಹಚ್ಚಿದೆ. ಗಂಡನ ಬುತ್ತಿ ಕಟ್ಟಿದೆ. ಅವರು ಸೆಂಟ್ರಿಂಗ್ ಕೆಲಸಕ್ಕೆ ಕೆಪೆ ಊರಿಗೆ ಹೋದರು. ಅತ್ತೆಗೆ ಚಹಾ ಕೊಟ್ಟೆ, ಸಕ್ಕರೆ ಕಮ್ಮಿ ಎಂದರು, ಮತ್ತೆ ಹಾಕಿದೆ. ಮಳೆಗೆ ಬೂಷ್ಟು ಹಿಡಿದಿದ್ದ ಹಾಸಿಗೆಯನ್ನು ಬಿಸಿಲಿಗೆ ಹರವಿದೆ. ಮಗಳ ತಲೆಗೆ ಎಣ್ಣೆ ಹಚ್ಚಬೇಡ ಎಂದು ಡಾಕ್ಟರ್‌ಬಾಯಿ ಹೇಳಿದ್ದರು, ಅತ್ತೆ ಹಚ್ಚಿಬಿಟ್ಟಿದ್ದರು. ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ರೊಟ್ಟಿ ಬಡಿಯಲಿಲ್ಲ. ಮಧ್ಯಾಹ್ನ ಮಗಳ ಬೆನ್ನು ತೋರಿಸಲು ಹೋಗುವುದಿತ್ತು.

ಗೋವಾದ ಫಾತೋರ್ಡಾದಲ್ಲಿ ನಾನು ಕಸ ಗುಡಿಸಿ ಪಾತ್ರೆ ತೊಳೆಯುತ್ತಿದ್ದ ಮನೆಗಳಲ್ಲಿ ಡಾಕ್ಟರ್‌ಬಾಯಿಯವರದೂ ಒಂದು. ಅಲ್ಲಿಯವರೇ, ಪರದೇಶದಲ್ಲಿ ಕಲಿತು ಬಂದಿದ್ದರು. ಅವರಲ್ಲಿ ಸೂಜಿಯೂ ಇಲ್ಲ, ಗುಳಿಗೆಯೂ ಇಲ್ಲ. ತಲೆಬುರುಡೆ, ಬೆನ್ನುಮೂಳೆ, ಮನುಷ್ಯ ನಿಲ್ಲುವ ರೀತಿ, ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡುವುದು. ಆಸ್ಟಿಯೋಪತಿ ಎಂಬ ಹೆಸರನ್ನು ನನಗೆ ಎಷ್ಟೋ ಸಲ ಹೇಳಿಕೊಟ್ಟಿದ್ದರು, ನಾಲಿಗೆಗೆ ಹತ್ತಿರಲಿಲ್ಲ. “ಕೈಲೆ ನೋಡೋ ಡಾಕ್ಟರು” ಎಂದು ಅತ್ತೆಗೆ ಹೇಳಿದರೆ, “ಹಂಗಾರ ನನ್ನ ಕೈನೂ ನೋಡಂತ ಹೇಳು, ಇನ್ನ ಎಷ್ಟ ವರ್ಷ ನಿನ್ನ ಚಹಾ ಕುಡೀಬೇಕೋ,” ಎಂದಿದ್ದರು.

ಮಗಳಿಗೆ ಆಗ ಹದಿಮೂರು. ಎಡಭುಜ ಎತ್ತರ ಕಾಣುತ್ತದೆ ಎಂದು ಶಾಲೆಯ ಟೀಚರು ಹೇಳಿಕಳಿಸಿದ್ದರು. ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಬೆನ್ನು ಬಾಗಿದೆ ಎಂದರು. ಮೂಳೆಯೇ ತಿರುಚಿಕೊಂಡಿದ್ದರೆ ಗಟ್ಟಿ ಪ್ಲಾಸ್ಟಿಕ್ಕಿನ ಬೆಲ್ಟು ಹಾಕಬೇಕು, ಹಗಲೂ ರಾತ್ರಿ, ಬೆಳೆಯುವುದು ನಿಲ್ಲುವವರೆಗೆ. ಮುಂದಿನ ಭೇಟಿಯಲ್ಲಿ ತೀರ್ಮಾನ. ಅಂದಿನಿಂದ ಮಗಳು ಗೋಡೆಗೆ ಬೆನ್ನು ಹಚ್ಚಿಯೇ ಕೂಡುತ್ತಿದ್ದಳು.

“ಬೆಲ್ಟ್ ಹಾಕಿದ್ರ ನಾ ಸಾಲಿಗೆ ಹೋಗಂಗಿಲ್ಲ ನೋಡವ್ವಾ,” ಎಂದಿದ್ದಳು. ಅಂದದ್ದನ್ನು ಮಾಡುವ ಹುಡುಗಿ ಅವಳು.

ಬಾಯಿಯವರಿಗೆ ಹೇಳಿದಾಗ ಅವರು ಸುಳ್ಳು ಆಸೆ ತೋರಿಸಲಿಲ್ಲ. ಬೆಲ್ಟಿನ ಮಾತು ಆಸ್ಪತ್ರೆಯವರದ್ದು, ನಾನು ನೋಡಿ, ಕಂಡದ್ದನ್ನು ಅವರಿಗೆ ಬರೆದುಕೊಡುತ್ತೇನೆ, ಅಷ್ಟೇ ಎಂದರು.

ಆ ದಿನ ಮಧ್ಯಾಹ್ನ ಅತ್ತೆ, ಮಗಳು, ನಾನು ಮೂವರೂ ಬಾಯಿಯವರ ಮನೆಗೆ ಹೋದೆವು. ಮಗಳು ಲಂಗ, ಹಿಂದೆ ಗುಂಡಿಯಿರುವ ಪೋಲಕ ಹಾಕಿದ್ದಳು. ಬಾಯಿಯವರು ಅವಳನ್ನು ಸ್ಟೂಲಿನ ಮೇಲೆ ಕೂಡಿಸಿ, ಹಿಂದೆ ನಿಂತು, ಹಸಿ ಮಡಕೆಯನ್ನು ಹಿಡಿದಂತೆ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದರು. ಕಣ್ಣು ಮುಚ್ಚಿದರು. ಕಿವಿಯ ಹಿಂದಿನ ಎಲುಬು, ಕತ್ತಿನ ಬುಡ, ದವಡೆ, ಎಲ್ಲ ಕಡೆ ಬೆರಳು ನಿಧಾನಕ್ಕೆ ಹೋದವು. ಹಿಂದೆ ಎಡಗಡೆ ತುಸು ಚಪ್ಪಟೆ ಇದೆ ಎಂದು ಹಿಂದಿಯಲ್ಲಿ ಹೇಳಿದರು. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಬಾರದಿತ್ತು.

“ಚಪ್ಪಟಿ?” ಅತ್ತೆ ಎದ್ದೇ ನಿಂತರು. “ಆ ತಲಿ ನಾ ತಿದ್ದೇನ್ರೀ ಬಾಯಾರ! ದಿನಾ ಎಣ್ಣಿ ತಿಕ್ಕಿ, ಬಿಸಿನೀರ ಹಾಕಿ, ಕಾಲಮ್ಯಾಲ ಮಲಗಿಸ್ಕೊಂಡು ಗುಂಡಗ ಮಾಡೇನಿ. ಎಡಕ್ಕ ಒತ್ತಿ ಮಲಗಿಸಿದಾಕಿ ಇಕಿ, ನಿಮ್ಮನಿ ಕೆಲಸದಾಕಿ!”

“ಅತ್ತೀ, ಸುಮ್ನಿರ್ರಿ.”

“ಯಾಕ ಸುಮ್ನಿರ್ಲಿ? ಊರಾಗ ಕೇಳ ಬಾ, ನನ್ನ ಕೈಯಾಗಿನ ಕೂಸಿನ ತಲಿ ಒಂದರ ಚಪ್ಪಟಿ ಐತೇನಂತ.”

ಇದರಿಂದಲೇ ಬೆನ್ನು ಬಾಗಿತೇ ಎಂದು ನಾನು ಕೇಳಿದೆ. ಬಾಯಿಯವರು ತಲೆ ಅಲ್ಲಾಡಿಸಿದರು. ಇಷ್ಟು ಹೆಚ್ಚುಕಮ್ಮಿ ಬಹಳ ಜನರ ತಲೆಯಲ್ಲಿ ಇರುತ್ತದೆ, ಇದಕ್ಕೂ ಬೆನ್ನಿಗೂ ಗಂಟು ಹಾಕಬೇಡ ಎಂದರು. ಅದನ್ನು ಮಾತ್ರ ಅತ್ತೆಗೆ ಪೂರ್ತಿ ಹೇಳಿದೆ. ಕುಳಿತರು.

ಆಮೇಲೆ ಮಗಳನ್ನು ಬರಿಗಾಲಲ್ಲಿ ನಿಲ್ಲಿಸಿ, ಪೋಲಕದ ಗುಂಡಿ ಬಿಚ್ಚಿ, ಬೆನ್ನಿಗೆ ಕಣ್ಣು ಸಮನಾಗುವಂತೆ ತಾವು ಮಂಡಿಯೂರಿದರು. ಈಗ ಮುಂದಕ್ಕೆ ಬಾಗಿದಾಗ ಒಂದು ಕಡೆಯ ಪಕ್ಕೆ ಮೇಲೆದ್ದರೆ ಎಲುಬು ತಿರುಚಿದೆ ಎಂದು ಅರ್ಥ. ಇದನ್ನು ನನಗೆ ಮೊದಲೇ ತಿಳಿಸಿದ್ದರು. ನಾನೂ ಅವರ ಹಿಂದೆಯೇ ಹೋಗಿ ನಿಂತೆ.

“ಝುಕೋ,” ಎಂದರು ಬಾಯಿ.

ಮಗಳು ಬಾಗಿದಳು. ಎಡಗಡೆಯ ಪಕ್ಕೆ ದಿಬ್ಬದಂತೆ ಎದ್ದಿತು.

ಬಾಯಿಯವರು ಕೈ ಚಾಚಿ ಆ ದಿಬ್ಬದ ಮೇಲಿಟ್ಟರು, ತೆಗೆಯಲಿಲ್ಲ. ಮೇಲೆ ಫ್ಯಾನು ಟಕಟಕ ಅನ್ನುತ್ತಿತ್ತು. ಬೆಲ್ಟಿನ ಮೇಲೆ ಹಾಕಲು ಶಾಲೆಯ ಅಂಗಿಯನ್ನು ಎಷ್ಟು ದೊಡ್ಡದು ಹೊಲಿಸಬೇಕೋ ಎಂದು ನನ್ನ ತಲೆ ಆಗಲೇ ಲೆಕ್ಕ ಹಾಕುತ್ತಿತ್ತು. ಆಮೇಲೆ, ಆ ಅಂಗಿಯನ್ನು ಅವಳು ಹಾಕಲಿಕ್ಕಿಲ್ಲ ಎಂಬುದು ನೆನಪಾಯಿತು.

“ನೂರ ವರ್ಷ ಬಾಳವ್ವಾ,” ಎಂದಿತು ಆ ಕಡೆಯಿಂದ ಅತ್ತೆಯ ದನಿ.

ಬಾಯಿಯವರು ಎದ್ದು ಮುಂದಕ್ಕೆ ಹೋಗಿ ನೋಡಿದರು. ನಾನೂ ನೋಡಿದೆ. ಎದುರಿಗೆ ಕುರ್ಚಿಯಲ್ಲಿ ಅತ್ತೆ. ಮಗಳ ಎಡಗೈ ಲಂಗ ಜಾರದಂತೆ ಹಿಡಿದಿತ್ತು, ಬಲಗೈ ಅಜ್ಜಿಯ ಪಾದದ ಮೇಲಿತ್ತು, ಮೈ ಇಡೀ ಬಲಕ್ಕೆ ವಾಲಿತ್ತು.

“ಅಲ್ಲಬೇ, ಏನ ಮಾಡಾಕತ್ತಿ?” ಎಂದೆ.

“ಝುಕೋ ಅಂದ್ರ ಕಾಲ ಬೀಳು ಅಂತ ಆಯಿ ಮೆಲ್ಲಕ ಹೇಳಿದಳು,” ಎಂದಳು, ಬಾಗಿದಲ್ಲಿಂದಲೇ ಅಜ್ಜಿಯ ಕಡೆ ಗದ್ದ ತೋರಿಸಿ. “ಸಾಲಿ ಪರೀಕ್ಷಾಕ್ಕ ಹೋಗೂ ಮುಂದ ಬೀಳ್ತೇನಲ್ಲ, ಇದೂ ಪರೀಕ್ಷಾನ ಅಲ್ಲೇನು?”

ಬಾಯಿಯವರಿಗೆ ನಾನು ಹಿಂದಿಯಲ್ಲಿ ಹೇಳಿದೆ. ಅವರು ನಗಲಿಲ್ಲ. ದೇವರಿಗೆ ಕೈ ಮುಗಿದ ಹಾಗೆ ಎರಡೂ ಅಂಗೈ ಜೋಡಿಸಿ, ಮಂಡಿ ಮಡಚದೆ, ಹಾಗೆಯೇ ಕೆಳಗಿಳಿಸು ಎಂದು ತಾವೇ ಮಾಡಿ ತೋರಿಸಿದರು. ಲಂಗವನ್ನು ನಾನು ಎದುರಿಗೆ ನಿಂತು ಹಿಡಿದುಕೊಂಡೆ. ಹಿಡಿದವಳಿಗೆ ಬೆನ್ನು ಕಾಣುವುದಿಲ್ಲ. ಬಾಯಿಯವರ ಮುಖವನ್ನೇ ನೋಡುತ್ತ ನಿಂತೆ. ಅವರು ಮತ್ತೆ ಹೇಳಿದರು, ಮತ್ತೆ ಬಾಗಿಸಿದರು. ಕಡೆಗೆ ನನ್ನ ಕೈಯನ್ನು ತೆಗೆದುಕೊಂಡು ಪಕ್ಕೆಗಳ ಮೇಲೆ ಅಡ್ಡಲಾಗಿ ಇಟ್ಟರು. ಸಮ ಇತ್ತು. ರೊಟ್ಟಿ ಬಡಿಯುವ ಕೊಣಮಿಗೆಯ ತಳದಂತೆ ಸಮ.

ಸ್ಟೂಲಿನ ಮೇಲೆ ಕೂಡಿಸಿದರೆ ಬೆನ್ನು ನೆಟ್ಟಗೆ. ನಿಲ್ಲಿಸಿದರೆ ಬಾಗು. ಬಲಗಾಲಿನ ಕೆಳಗೆ ಹಳೆಯ ಪೇಪರು ಮಡಚಿ ಇಟ್ಟು ನಿಲ್ಲಿಸಿದರು. ಸೊಂಟ ಸಮವಾಯಿತು, ಭುಜ ಇಳಿಯಿತು. ಬಲಗಾಲು ತುಸು ಗಿಡ್ಡ ಇರುವಂತಿದೆ, ಬೆನ್ನು ಅದನ್ನು ಸರಿತೂಗಿಸುತ್ತಿದೆ ಎಂದರು. ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿಯವರು ಕಾಲು ಅಳೆದು ನೋಡಲಿ, ಬೆಳೆಯುವವರೆಗೆ ಆಗಾಗ ತೋರಿಸುತ್ತಲೇ ಇರಬೇಕು. ಆದರೆ ಇವತ್ತು ನಾನು ಕಂಡದ್ದು ಬೆಲ್ಟಿನ ಬೆನ್ನಲ್ಲ ಎಂದರು.

ಮಗಳು ಪೇಪರಿನ ಮೇಲಿಂದ ಇಳಿಯಲೇ ಇಲ್ಲ. “ಇಲ್ಲೇ ನಿಂದರ್ತಿ ಏನ, ಮನಿಗೆ ಬರ್ತಿ?” ಎಂದರು ಅತ್ತೆ. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ, “ಚಪ್ಪಟಿ ಅಂದದ್ದನ್ನೂ ಬರದಾರೇನ?” ಎಂದು ಕೇಳಿದರು.

ರೊಟ್ಟಿ ಇರಲಿಲ್ಲವಲ್ಲ, ಗಂಡ ಬರುವಾಗ ಪಾವ್ ತಂದರು. ಕಡಲೆಹಿಟ್ಟಿನ ಝುಣಕ ಮಾಡಿದೆ. “ಹತ್ತಿ ತಿಂದಂಗ ಆಗತೈತಿ,” ಎನ್ನುತ್ತಲೇ ಅತ್ತೆ ಎಲ್ಲರಿಗಿಂತ ಹೆಚ್ಚು ತಿಂದರು. ಮಗಳು ಗೋಡೆ ಬಿಟ್ಟು ನಡುಮನೆಯಲ್ಲಿ ಕೂತು ಉಂಡಳು. ಮೊದಲು ಮಲಗಿದವಳೂ ಅವಳೇ, ಬಿಸಿಲು ಉಂಡ ಹಾಸಿಗೆಯ ಮೇಲೆ, ಎಲ್ಲರಿಗೂ ಬೆನ್ನು ತೋರಿಸಿ.