ಎರಡು ಊರುಗಳ ನಡುವೆ ಒಂದು ಹಸಿ ಹಾಸು

ಕುಡಚಿಯಲ್ಲಿ ರೈಲು ಇಳಿದಾಗ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಜಮಖಂಡಿಗೆ ಹೋಗುವ ಮೋಟಾರಿನಲ್ಲಿ ಆರಾಣೆ ತೆತ್ತು, ಬೆಲ್ಲದ ಪೆಂಟೆಗಳ ನಡುವೆ ಮೊಳಕಾಲು ಮಡಚಿ ಕುಳಿತು ತೇರದಾಳ ಮುಟ್ಟಿದೆ. ಅಲ್ಲಿ ನನ್ನ ಕಾಲೇಜು ಗೆಳೆಯನದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ ಬಡಿಸಿ ಊಟ ಮುಗಿಸಿದರು.

ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿ ಕೆಲವೇ ತಿಂಗಳಾಗಿದ್ದವು. ನಾನು ಹೊರಟಿದ್ದ ಕರಿಕೇರಿ ಮೊನ್ನೆಮೊನ್ನೆಯವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಪಕ್ಕದ ಸೋಮನಹಟ್ಟಿ ಜಮಖಂಡಿಗೆ. ಎರಡೂ ನೇಕಾರರ ಊರು, ನಡುವಿನ ಅಂತರ ಒಂದು ಫರ್ಲಾಂಗು. ಅರಸರು ಹೋದರೂ ಪುರಸಭೆಗಳು ಮಾತ್ರ ಎರಡಾಗಿಯೇ ಉಳಿದಿದ್ದವು. ಅವು ಒಂದಾಗಬೇಕೇ ಎಂದು ಸರಕಾರ ಕೇಳಿತ್ತು. ಮರುದಿನ ಬೆಳಿಗ್ಗೆ ಇಬ್ಬರು ಅಧ್ಯಕ್ಷರೂ ಗಡಿಯ ಬೇವಿನ ಮರದಡಿ ಸೇರುವವರಿದ್ದರು. ಒಂದಾಗಲೇಬೇಕು ಎಂಬುದು ನನ್ನ ಖಚಿತ ನಿಲುವು. ಪತ್ರಿಕೆಗೆ ಬರೆಯುವ ನಾನು ಅದನ್ನು ಅವರ ಮುಖಕ್ಕೇ ಹೇಳಲು ಬಂದಿದ್ದೆ.

ತೇರದಾಳದಿಂದ ಚಕ್ಕಡಿಯಲ್ಲಿ ಎರಡು ತಾಸಿನ ದಾರಿ. ಮರುದಿನ ನಸುಕಿನಲ್ಲೇ ಹೊರಟರೂ ಗಡಿ ಮುಟ್ಟುವಾಗ ಏಳು ಗಂಟೆ ದಾಟಿತ್ತು. ರಸ್ತೆಯುದ್ದಕ್ಕೂ ನೂಲಿನ ಹಾಸು ಚಾಚಿಕೊಂಡಿತ್ತು. ಮಗ್ಗಕ್ಕೆ ಏರಿಸುವ ಮೊದಲು ಉದ್ದೆಳೆಗಳನ್ನು ಹೀಗೆ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸುತ್ತಾರೆ. ಒಣಗುವ ಮೊದಲು ಬಿಗಿ ಸಡಿಲಾದರೆ ಎಳೆಗಳು ಒಂದಕ್ಕೊಂದು ಅಂಟಿ ಹಾಸು ಕೆಡುತ್ತದೆ. ಅಷ್ಟುದ್ದದ ನೇರ ಜಾಗ ಎರಡೂ ಊರಿಗೆ ಸೇರಿ ಇದೊಂದೇ ಇರುವುದರಿಂದ, ಹಾಸಿನ ಅರ್ಧ ಒಂದು ಪುರಸಭೆಯಲ್ಲಿ, ಇನ್ನರ್ಧ ಮತ್ತೊಂದರಲ್ಲಿ ಮಲಗಿರುತ್ತದೆ.

ಹಾಸು ಸೋಮನಹಟ್ಟಿಯ ಗಂಗವ್ವನದು. ಐವತ್ತು ದಾಟಿದ ವಿಧವೆ. ಮನೆಗೆ ಒಂದೇ ಮಗ್ಗ, ಆ ಮಗ್ಗಕ್ಕೆ ಇದೊಂದೇ ಹಾಸು. ಕೆಟ್ಟರೆ ಮಗ್ಗ ನಿಲ್ಲುತ್ತದೆ. ಸೋಮನಹಟ್ಟಿಯ ನಿಯಮದಂತೆ ಒಂಬತ್ತರವರೆಗೆ ಹಾಸು ರಸ್ತೆಯ ಮೇಲಿರಬಹುದು. ಕರಿಕೇರಿಯ ನಿಯಮದಂತೆ ಏಳಕ್ಕೇ ರಸ್ತೆ ತೆರವಾಗಬೇಕು. ನಾನು ಇಳಿಯುವಷ್ಟರಲ್ಲಿ ಕರಿಕೇರಿಯ ಸಿಪಾಯಿ ತನ್ನ ಕಡೆಯ ಗೂಟವನ್ನು ಕಿತ್ತುಬಿಟ್ಟಿದ್ದ. ಗಂಗವ್ವ ಮತ್ತು ನೆರೆಯ ಇಬ್ಬರು ಹೆಂಗಸರು ಓಡಿಹೋಗಿ ಹಗ್ಗ ಹಿಡಿದು ಜಗ್ಗಿ ನಿಂತಿದ್ದರು.

"ನಾ ಏನ್ ಮಾಡ್ಲಿ ಅಕ್ಕಾರ, ಗೂಟ ನಮ್ಮ ಹದ್ದಿನಾಗ ಐತಿ," ಎಂದ ಸಿಪಾಯಿ.

"ಹೌದೇನೋ? ಸೂರ್ಯಾಗೂ ಹೇಳಿ ಬಾ ಹಂಗಾರ. ನಿಮ್ಮ ಹದ್ದಿನ ನೂಲ ಏಳಕ್ಕ ಒಣಗಸು, ನಮ್ಮದು ಒಂಬತ್ತಕ್ಕ ಅಂತ," ಎಂದಳು ಗಂಗವ್ವ.

ಅಧ್ಯಕ್ಷರು ಬಂದರು: ಕರಿಕೇರಿಯ ನೂಲಿನ ವ್ಯಾಪಾರಿ ಪಾರೀಸಪ್ಪನವರು, ಸೋಮನಹಟ್ಟಿಯ ರೈತ ಶಿವಲಿಂಗಪ್ಪನವರು. ಈ ತಂಟೆಯ ಬಗ್ಗೆ ಮೊದಲೇ ತಕರಾರು ಬಂದಿತ್ತೇ ಎಂದು ಕೇಳಿದೆ. ಬಂದಿತ್ತು, ಇಬ್ಬರಿಗೂ. ಏನು ಮಾಡಿದಿರಿ?

"ನೆರೆಯ ಊರಿಗೆ ಸಂಬಂಧಿಸಿದ್ದು ಅಂತ ಬರದ ಇಟ್ಟೇವ್ರಿ," ಎಂದರು ಪಾರೀಸಪ್ಪನವರು.

"ನಾವೂ ಹಂಗ ಬರದೇವಿ," ಎಂದರು ಶಿವಲಿಂಗಪ್ಪನವರು.

ನನಗೆ ತಡೆಯಲಾಗಲಿಲ್ಲ. ಜವಾಬುದಾರಿಯನ್ನು ಗಡಿಯಾಚೆ ಎಸೆಯುವ ಅನುಕೂಲಕ್ಕಾಗಿಯೇ ಎರಡು ಪುರಸಭೆಗಳು ಬದುಕಿವೆಯೆಂದೂ, ಒಂದಾದ ದಿನ ಎಸೆಯಲು ಆಚೆಯೇ ಇರುವುದಿಲ್ಲವೆಂದೂ ಗಟ್ಟಿಯಾಗಿ ಹೇಳಿದೆ. ನೆರೆದವರು ತಲೆದೂಗಿದರು. ಗಂಗವ್ವ ದೂಗಲಿಲ್ಲ.

"ಭಾಳ ಕಲ್ತೀಯಪ ತಮ್ಮಾ. ಒಂದ ಆದ್ರ ಕಚೇರಿ ಎಲ್ಲಿ ಇಡತೀರಿ? ಕರಿಕೇರ್‍ಯಾಗ. ಈಗ ಶಿವಲಿಂಗಪ್ಪಣ್ಣ ದಿನಾ ನಮ್ಮ ಮನಿ ಮುಂದ ಹಾದ ಹೊಕ್ಕಾನ, ನಿಲ್ಲಿಸಿ ಓಣಿ ಗಟಾರ ಕಟ್ಟೇತಿ ಅಂತ ಬೈತೇನಿ. ನಾಳೆ ಯಾರನ್ನ ಬೈಲಿ?"

"ದಿನಾ ಬೈತಾಳ, ಅದಂತೂ ಖರೆ," ಎಂದರು ಶಿವಲಿಂಗಪ್ಪನವರು. ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಕಚೇರಿ ಎಲ್ಲಿರಬೇಕೆಂದು ನನ್ನ ವಾದವನ್ನೇ ಮತ್ತೆ ತಡಕಿದೆ. ಯೋಚಿಸುತ್ತಿರುವಾಗಲೇ ಗಂಗವ್ವನ ಬಲಗಡೆಯ ಹೆಂಗಸಿನ ಕೈ ಸೋತು ಹಾಸು ತುಸು ಜೋಲಿತು.

"ಮಾತು ಆಮ್ಯಾಲ ಆಡ್ರಿ. ಮೊದಲ ಹಗ್ಗ ಹಿಡೀರಿ," ಎಂದಳು ಗಂಗವ್ವ.

ಪಾರೀಸಪ್ಪನವರು ಸಿಪಾಯಿಯನ್ನು ನೋಡಿದರು, ರಸ್ತೆಯನ್ನು ನೋಡಿದರು, ತಮ್ಮದೇ ನಿಯಮದೆದುರು ಗೂಟ ಮತ್ತೆ ನೆಡಿಸಲಾಗದೆ ಕೊನೆಗೆ ಕೋಟು ಬಿಚ್ಚಿ ಬೇವಿನ ಕೊಂಬೆಗೆ ತೂಗುಹಾಕಿ ಹಗ್ಗ ಹಿಡಿದರು. ಶಿವಲಿಂಗಪ್ಪನವರು ಗಡಿ ದಾಟಿ ಬಂದು ಅವರ ಹಿಂದೆ ನಿಂತರು. ಹಾಸು ಮತ್ತೆ ತಂತಿಯಂತೆ ಬಿಗಿಯಿತು. ಸಂತೆಗೆ ಹೊರಟ ಚಕ್ಕಡಿಗಳು ಎರಡೂ ಕಡೆ ಸಾಲುಗಟ್ಟಿದವು. ತಮ್ಮ ಅಧ್ಯಕ್ಷರೇ ಹಗ್ಗ ಹಿಡಿದದ್ದನ್ನು ಕಂಡ ಮೇಲೆ ಯಾರೂ ತಕರಾರು ಮಾಡಲಿಲ್ಲ.

ಹಗ್ಗ ಬಿಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಇಂಥ ಸಭೆಯಲ್ಲಿ ನಿರ್ಣಯ ಬೇಗ ಆಗುತ್ತದೆ. ಪುರಸಭೆ ಒಂದಾಗಲಿ ಎಂದು ಇಬ್ಬರೂ ಒಪ್ಪಿದರು. ನಾನು ಬರೆದು ಓದಿದೆ. ಗಂಗವ್ವ ಇನ್ನೊಮ್ಮೆ ಓದಿಸಿದಳು.

"ಇದರಾಗ ಮಂದಿ ಹೆಸರ ಇಲ್ಲಲ್ಲ. ಯಾವ ಓಣಿಗೆ ಯಾರು ಜವಾಬ ಕೊಡಬೇಕು, ಅವರ ಹೆಸರ ಬರಿ. ಕಚೇರಿ ಎಲ್ಲೇ ಇರ್ಲಿ, ತಿಂಗಳಿಗೊಮ್ಮಿ ಅವರು ಇಲ್ಲಿ ಬಂದ ನಿಂದರಬೇಕು."

ಬರೆದೆ. ನನ್ನ ನಿಲುವು ಬದಲಾಗಲಿಲ್ಲ, ಆದರೆ ಅದಕ್ಕೆ ಬೆನ್ನುಮೂಳೆ ಕೊಟ್ಟವಳು ಅವಳು. ಉತ್ತರ ಹೇಳಬೇಕಾದವನ ಹೆಸರಿಲ್ಲದಿದ್ದರೆ ಎರಡು ಕಿವುಡು ಕಚೇರಿಗಳು ಸೇರಿ ಒಂದು ದೊಡ್ಡ ಕಿವುಡು ಕಚೇರಿಯಾಗುತ್ತಿತ್ತು, ಅಷ್ಟೆ. ಜಿಲ್ಲೆಯ ಅಧಿಕಾರಿಗಳು ಆ ಕೊನೆಯ ಎರಡು ಸಾಲುಗಳನ್ನು ಹೊಡೆದುಹಾಕಿದರೆ ಈ ವಿಲೀನವನ್ನು ವಿರೋಧಿಸುವವರಲ್ಲಿ ನಾನೇ ಮೊದಲಿಗನಾಗುತ್ತೇನೆ.

ಒಂಬತ್ತರ ಸುಮಾರಿಗೆ ಗಂಗವ್ವ ಹಾಸಿನ ಮೇಲೆ ಕೈಯಾಡಿಸಿದಳು. ಎಳೆಗಳು ಬಿಡಿಬಿಡಿಯಾಗಿ ಸರಿದವು. "ಆತು, ಬಿಡ್ರಿ," ಎಂದಳು. ಅಧ್ಯಕ್ಷರಿಬ್ಬರೂ ಕೆಂಪಾದ ಅಂಗೈಗಳನ್ನು ಊದಿಕೊಂಡರು.

ಬನಹಟ್ಟಿಯ ಮೇಲೆ ಹಾಯ್ದು ಜಮಖಂಡಿಗೆ ಹೋಗುವ ಮೋಟಾರು ಅಷ್ಟರಲ್ಲಿ ಬಂತು. ಹಿಂದಿನ ಸೀಟಿನಿಂದ ತಿರುಗಿ ನೋಡಿದೆ. ಗಂಗವ್ವ ಸುತ್ತಿದ ಹಾಸನ್ನು ಹೊತ್ತು ಮುಂದೆ ನಡೆದಿದ್ದಳು. ಅವಳ ಓಣಿಯ ಕಟ್ಟಿಕೊಂಡ ಗಟಾರವನ್ನು ನೋಡಲು ಇಬ್ಬರು ಅಧ್ಯಕ್ಷರೂ ಹಿಂದೆ ಹಿಂದೆ ಹೊರಟಿದ್ದರು.